ಹೊರಗೆ ಕೂತವಳ ಆಣೆ

ಕಟ್ಟೆಕೊಪ್ಪಲು, ಮದ್ದೂರು ತಾಲ್ಲೂಕು
8-9-2024

ಅಕ್ಕನಿಗೆ ವೀಣ ಮಾಡುವ ನಮಸ್ಕಾರ.

ನನ್ನ ಅಕ್ಷರ ಕೋಳಿ ಕಾಲು. ಒತ್ತಕ್ಷರ ಬಂದ ಕಡೆಯೆಲ್ಲ ತಪ್ಪಿರುತ್ತದೆ. ಬೈದುಕೊಳ್ಳದೆ ಓದು. ಐದನೇ ಕ್ಲಾಸು ಬಿಟ್ಟ ಮೇಲೆ ಸಹಿ ಹಾಕಿದ್ದು ಬಿಟ್ಟರೆ ನಾನು ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು.

ಫೋನ್ ಮಾಡಬಾರದಾ ಅಂತ ಕೇಳುತ್ತೀಯ. ಫೋನ್ ನಮ್ಮನೆಯವರ ಜೇಬಿನಲ್ಲಿರುತ್ತದೆ. ಪಂಚಾಯಿತಿ ಗೋಡೆಯ ಮೇಲೆ ಅಧ್ಯಕ್ಷರ ನಂಬರ್ ಅಂತ ಬರೆಸಿರುವುದು ನನ್ನ ನಂಬರೇ, ಎತ್ತುವುದು ಇವರು. ಹೋದ ತಿಂಗಳು ನೀನು ಮಾಡಿದಾಗ "ಅಧ್ಯಕ್ಸರು ಮೀಟಿಂಗಲ್ಲವ್ರೆ" ಅಂದರಲ್ಲ, ಆಗ ನಾನು ಅದೇ ಕೋಣೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ಕಾಗದವನ್ನಾದರೆ ಯಾರೂ ಒಡೆಯುವುದಿಲ್ಲ.

ಅಧ್ಯಕ್ಷಗಿರಿ ಹೆಂಗಸರಿಗೆ ಮೀಸಲು ಅಂತ ಬಂದಾಗ ನನ್ನನ್ನು ಕೂರಿಸಿದರು. ಅಧ್ಯಕ್ಷೆ ಆಗಿ ವರ್ಷವಾಯಿತು. ಮೀಟಿಂಗಿನಲ್ಲಿ ನನ್ನ ಕುರ್ಚಿಯ ಪಕ್ಕ ಇವರಿಗೆ ಇನ್ನೊಂದು ಕುರ್ಚಿ ಹಾಕುತ್ತಾರೆ. ಮಾತು ಆ ಕುರ್ಚಿಯಿಂದ, ಸಹಿ ಈ ಕುರ್ಚಿಯಿಂದ. ಮೊದಮೊದಲು ನನಗೆ ಅದು ಸಮಾಧಾನವೇ ಆಗಿತ್ತು. ಅಷ್ಟು ಗಂಡಸರ ಮುಂದೆ ಬಾಯಿ ತೆರೆಯಬೇಕೆಂದರೆ ನನಗೆ ಅಂಗೈ ಬೆವರುತ್ತದೆ.

ಒಂದು ವಿಷಯಕ್ಕೆ ಮಾತ್ರ ಬಾಯಿ ತೆರೆದೆ. ಊರಿನ ಹೆಂಗಸರೆಲ್ಲ ನಾಲೆಯ ಇಳಿಜಾರಿನಲ್ಲೇ ಬಟ್ಟೆ ಒಗೆಯುತ್ತಾರೆ. ಸಿಮೆಂಟಿನ ಇಳಿಜಾರು, ಮೇಲೆಲ್ಲ ಪಾಚಿ, ಕೆಳಗೆ ನೀರು ಎಳೆಯುತ್ತದೆ. ಅಲ್ಲಿ ಮೆಟ್ಟಿಲು ಕಟ್ಟಿಸಬೇಕು, ಹಿಡಿದುಕೊಳ್ಳಲು ಕಂಬಿ ಹಾಕಿಸಬೇಕು ಅಂದೆ. ಇನ್ನೊಬ್ಬ ಮೆಂಬರಿನ ಗಂಡ ಸಿದ್ದರಾಮು ನಕ್ಕು, "ಬಟ್ಟೆ ಒಗಿಯಕ್ಕೆ ಮೆಟ್ಲು ಬೇಕಾ? ಇನ್ನ ಬಿಸ್ಲಿಗೆ ಚಪ್ರಾನೂವೆ ಆಕುಸ್ಕೊಡವ ಬುಡು" ಅಂದ. ಎಲ್ಲರೂ ನಕ್ಕರು. ಇವರೂ ನಕ್ಕರು. ಆದರೆ ಪಿಡಿಒ ಸಾಹೇಬರು ನಗದೆ ಬರೆದುಕೊಂಡರು. ನೀರಾವರಿಯವರ ಒಪ್ಪಿಗೆಯೂ ಬಂದು ಕೆಲಸ ಮಂಜೂರಾಯಿತು.

ನಾಲೆಯಲ್ಲಿ ನೀರಿರುವಾಗ ಕಟ್ಟುವಂತಿಲ್ಲ. ಭತ್ತದ ಕೊಯ್ಲು ಮುಗಿದು ನೀರು ನಿಲ್ಲಿಸುವುದು ಡಿಸೆಂಬರ್ ಕಳೆದ ಮೇಲೆ. ನನ್ನ ಅರ್ಧ ಅವಧಿ ನವೆಂಬರಿಗೇ ಮುಗಿಯುತ್ತದೆ. ಉಳಿದರ್ಧ ಸಿದ್ದರಾಮುವಿನ ಹೆಂಡತಿ ಮಂಜುಶ್ರೀಗೆ ಅಂತ ಮೊದಲೇ ದೇವರ ಮುಂದೆ ಮಾತಾಗಿದೆಯಲ್ಲ. ಮೆಟ್ಟಿಲು ಬಿಟ್ಟು ಆ ಕೆಲಸವನ್ನು ತನ್ನ ಆಲೆಮನೆಯ ರಸ್ತೆಗೆ ತಿರುಗಿಸುತ್ತೇನೆ ಅಂತ ಸಿದ್ದರಾಮು ಟೀ ಅಂಗಡಿಯಲ್ಲೇ ಹೇಳಿಕೊಂಡು ತಿರುಗುತ್ತಿದ್ದಾನೆ. ನಾನು ಇವರನ್ನು ಕೇಳಿದರೆ, "ಕರ್ಪೂರ ಆರ್ಸಿವ್ನಿ ಕಣೆ, ಮಾತು ಅಂದ್ರೆ ಮಾತು" ಅನ್ನುತ್ತಾರೆ.

ಕೂತಲ್ಲಿ ಕೂರಲಾಗುತ್ತಿಲ್ಲ. ಏನು ಮಾಡಲಿ ಅಕ್ಕ?

ನಿನ್ನ ತಂಗಿ
ವೀಣ


ಹಲಗೂರು
23-9-2024

ವೀಣ,

ಕಾಗದ ಬಂತು. ಪೋಸ್ಟ್‌ಮ್ಯಾನ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಈ ಕಾಲದಲ್ಲಿ ಯಾರಮ್ಮ ಕಾಗದ ಬರೆಯೋರು ಅಂತ ಪುಕ್ಕಟೆ ಒಂದು ಟೀ ಕುಡಿದು ಹೋದ. ನಿನ್ನ ಭಾವ ಏನು ಬರೆದಿದ್ದಾಳೆ ಅಂದರು. ಹೆಂಗಸರ ವಿಷಯ ಅಂದೆ. ಬೋಂಡ ಹಾಕಲು ಹೋದರು.

ಏನು ಮಾಡಲಿ ಅಂತ ಕೇಳಿದ್ದೀಯ. ರಾಜೀನಾಮೆ ಕೊಡು. ಬೋರೆ ಮಾರಮ್ಮನ ಮುಂದೆ ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿದ ಮೇಲೆ ಅದು ಮುಗಿದ ಮಾತು. ಬೋರೆ ಗುಡ್ಡದ ಮೇಲಿನ ಆ ಗುಡಿ ನಮ್ಮ ಟೀ ಅಂಗಡಿಯಿಂದ ಕೂಗಳತೆ. ಅಲ್ಲಿ ಬದುವಿನ ಜಗಳಕ್ಕೆ ಸುಳ್ಳು ಕರ್ಪೂರ ಆರಿಸಿದವನೊಬ್ಬ ಬಾಯಿ ಸೊಟ್ಟ ಮಾಡಿಕೊಂಡು ಈಗಲೂ ನನ್ನ ಅಂಗಡಿಗೇ ಟೀಗೆ ಬರುತ್ತಾನೆ. ಲೋಟದಲ್ಲಿ ಕುಡಿಯಲಾಗದೆ ತಟ್ಟೆಗೆ ಹುಯ್ದುಕೊಂಡು ಕುಡಿಯುತ್ತಾನೆ. ನೀನು ನಿನ್ನ ಸಂಸಾರ ನೋಡಿಕೋ. ಪಂಚಾಯಿತಿ ನಿನ್ನನ್ನು ಸಾಕುವುದಿಲ್ಲ.

ಇನ್ನೊಂದು. ನಾಲೆಯ ವಿಷಯ ನನಗೆ ಬರೆಯಬೇಡ. ಬೇರೆ ಏನು ಬೇಕಾದರೂ ಬರಿ.

ದೀಪಿಕ


ಕಟ್ಟೆಕೊಪ್ಪಲು
10-10-2024

ಅಕ್ಕ,

ನೀನು ಬೇಡ ಅಂದದ್ದನ್ನು ಒಂದೇ ಸಲ ಬರೆಯುತ್ತೇನೆ. ಆಮೇಲೆ ಬರೆಯುವುದಿಲ್ಲ.

ಅವ್ವ ನಾಲೆಯಲ್ಲಿ ಹೋದ ಮೇಲೆ ನಾವಿಬ್ಬರೂ ಆ ಮಾತು ಎತ್ತಿಲ್ಲ. ನೀನು ಎತ್ತಲಿಲ್ಲ ಅಂತ ನಾನು, ನಾನು ಎತ್ತಲಿಲ್ಲ ಅಂತ ನೀನು. ಅವಳು ಜಾರಿದ್ದು ಪಾಚಿಯ ಮೇಲೆ. ಕೈಯಲ್ಲಿ ನನ್ನ ಸ್ಕೂಲಿನ ನೀಲಿ ಲಂಗ ಇತ್ತು. ಹಿಡಿದುಕೊಳ್ಳಲು ಏನಾದರೂ ಇದ್ದಿದ್ದರೆ ಹಿಡಿದುಕೊಳ್ಳುತ್ತಿದ್ದಳು. ಏನೂ ಇರಲಿಲ್ಲ, ಲಂಗವನ್ನೇ ಹಿಡಿದುಕೊಂಡಿದ್ದಳು. ನಿನ್ನ ಮದುವೆ ಗೊತ್ತಾಗಿತ್ತು, ಒಲೆ ಮುಂದೆ ನಾನು ಕೂತೆ. ಮುಗಿಯಿತು, ಇನ್ನು ಬರೆಯುವುದಿಲ್ಲ.

ಈಗ ಆಣೆಯ ವಿಷಯ. ನೀನು ನನ್ನ ಆಣೆ ಅಂತ ತಿಳಿದಿದ್ದೀಯ. ಊರೂ ಹಾಗೇ ತಿಳಿದಿದೆ. ಆ ದಿನ ನಡೆದದ್ದು ಹೇಳುತ್ತೇನೆ.

ಅಧ್ಯಕ್ಷರ ಚುನಾವಣೆಗೆ ಮುಂಚೆ ಮೆಂಬರುಗಳನ್ನು ಟೂರಿಗೆ ಕರೆದುಕೊಂಡು ಹೋಗುತ್ತಾರಲ್ಲ, ಎದುರು ಪಾರ್ಟಿಯವರು ಎಳೆದುಕೊಳ್ಳದಿರಲಿ ಅಂತ. ನಮ್ಮನ್ನೂ ವ್ಯಾನಿನಲ್ಲಿ ಹತ್ತಿಸಿದರು. ಹೆಂಗಸು ಮೆಂಬರುಗಳ ಜೊತೆ ಅವರವರ ಗಂಡಂದಿರು. ದೇವಸ್ಥಾನ, ಲಾಡ್ಜು, ಮತ್ತೆ ದೇವಸ್ಥಾನ. ಬರುವಾಗ ಬೋರೆ ಮಾರಮ್ಮನ ಗುಡಿ ಮುಂದೆ ನಿಲ್ಲಿಸಿದರು. ಅವತ್ತು ಬೆಳಿಗ್ಗೆಯೇ ನಾನು ಹೊರಗಾಗಿದ್ದೆ. ಮೆಲ್ಲಗೆ ಅತ್ತೆಯ ವಯಸ್ಸಿನ ಒಬ್ಬ ಮೆಂಬರಿಗೆ ಹೇಳಿದೆ. ಅವರು ಇವರಿಗೆ ಹೇಳಿದರು. "ಅಂಗಾದ್ರೆ ನೀ ಅಲ್ಲೇ ಇರು" ಅಂತ ಇವರು ಹುಣಸೆಮರ ತೋರಿಸಿದರು. ಮರದ ಕೆಳಗೆ ಕೂತೆ.

ಅರ್ಧ ಅವಧಿ ನನಗೆ, ಅರ್ಧ ಮಂಜುಶ್ರೀಗೆ ಅಂತ ಆಣೆ ಆಗಬೇಕಿತ್ತು. ವೀಣಮ್ಮ ಬರದೆ ಹೇಗೆ ಅಂತ ಸಿದ್ದರಾಮು ಕೇಳಿದ್ದು ನನಗೆ ಕೇಳಿಸಿತು. "ನಾನೇನು ಬ್ಯಾರೆನಾ? ನಾ ಆರುಸ್ತೀನಿ ಬುಡು" ಅಂದರು ಇವರು. ದೂರದಿಂದ ಉರಿ ಕಂಡಿತು, ಅದರ ಮೇಲೆ ಇವರ ಕೈ ಬಂತು, ಕತ್ತಲಾಯಿತು. ಅಂಗೈಗೆ ಬಾಯಿಂದ ಊದಿಕೊಳ್ಳುತ್ತ ಬಂದು, "ಆಯ್ತು ಕಣೆ, ನೀನೇ ಆಣೆ ಮಾಡ್ದಂಗೆಯ" ಅಂದರು. ನಾನು ಎದ್ದು ವ್ಯಾನು ಹತ್ತಿದೆ. ಹೊಟ್ಟೆ ನೋಯುತ್ತಿತ್ತು, ಮನೆ ಸೇರಿದರೆ ಸಾಕಾಗಿತ್ತು.

ಅವತ್ತು ನನ್ನನ್ನು ಹೊರಗೆ ಕೂರಿಸಿದವರು ಇವತ್ತು ನೀನೂ ಒಳಗೇ ಇದ್ದೆ ಅನ್ನುತ್ತಾರೆ. ನಾನು ಎಲ್ಲಿದ್ದೆ ಅಕ್ಕ?

ಇದನ್ನು ಜೋರಾಗಿ ಹೇಳಿದರೆ ಆಣೆ ಪೂರ್ತಿ ಇವರ ಮೇಲೆ ಬೀಳುತ್ತದೆ. ಅದೇ ನನಗೆ ದಿಗಿಲು. ಇವರು ಕೆಟ್ಟವರಲ್ಲ. ನನಗೆ ಕಾಮಾಲೆ ಆದಾಗ ಔಷಧಿಗೆ ಅಲೆದು ಅಲೆದು ಇವರೇ ಸೊರಗಿದ್ದರು. ಇದುವರೆಗೂ ಕೈ ಎತ್ತಿಲ್ಲ. ಯಾರಾದರೂ "ಅಧ್ಯಕ್ಸರೇ" ಅಂತ ಕರೆದರೆ ಮುಖ ಅರಳುತ್ತದೆ, ಅಷ್ಟೇ. ಊಟಕ್ಕೆ ಕೂತಾಗ ಇವರ ಬಲ ಅಂಗೈಯನ್ನೇ ನೋಡುತ್ತೇನೆ. ಯಾಕೆ ಹಂಗೆ ನೋಡ್ತೀಯ ಅನ್ನುತ್ತಾರೆ.

ಆ ಗುಡಿ ನಿನಗೆ ಹತ್ತಿರ. ಒಂದು ಸಲ ಹೋಗಿ ಕೇಳಿಕೊಂಡು ಬಾ. ಗಂಡ ಮಾಡಿದ ಆಣೆ ಹೆಂಡತಿಗೆ ತಗಲುತ್ತದೆಯಾ?

ವೀಣ


ಹಲಗೂರು
3-11-2024

ವೀಣ,

ಇಷ್ಟು ದಿನ ಬರೆಯಲಿಲ್ಲ. ನಿನ್ನ ಕಾಗದ ಸಕ್ಕರೆ ಡಬ್ಬದ ಹಿಂದೆ ಇತ್ತು. ಟೀ ಮಾಡಲು ಕೈ ಹಾಕಿದಾಗಲೆಲ್ಲ ಸಿಗುತ್ತಿತ್ತು. ಲಂಗದ ವಿಷಯ ನಿನಗೂ ಗೊತ್ತಿದೆ ಅಂತ ನನಗೆ ಗೊತ್ತಿರಲಿಲ್ಲ.

ಮಂಗಳವಾರ ಗುಡಿಗೆ ಹೋದೆ. ಪೂಜಾರಿ ಮರಿಸಿದ್ದಯ್ಯ ಕಾಯಿ ಒಡೆಯುತ್ತಿದ್ದ. ಜನ ಕರಗುವ ತನಕ ಕಂಬದ ಹತ್ತಿರ ನಿಂತಿದ್ದು, ಹೆಸರು ಹೇಳದೆ ಕೇಳಿದೆ. ನಮಗೆ ಬೇಕಾದವಳು ಒಬ್ಬಳಿದ್ದಾಳೆ, ಅವಳ ಪರವಾಗಿ ಗಂಡ ಕರ್ಪೂರ ಆರಿಸಿದ್ದಾನೆ, ಅವಳಿಗೆ ತಗಲುತ್ತದೆಯಾ ಅಂತ.

"ಅವ್ಳು ಎಲ್ಲಿದ್ಲು?"

"ಆಚೆ ಕೂತಿದ್ಲು. ಹೊರಗಾಗಿದ್ಲು."

"ಕೈ ಯಾರ್ದು ಸುಡ್ತು?"

"ಅವಳ ಗಂಡಂದು."

ಅವನು ಕಾಯಿಯ ನೀರು ಕುಡಿದು ಬಾಯಿ ಒರೆಸಿಕೊಂಡ. "ಆಣೆ ಅನ್ನೋದು ಎಂಜ್ಲು ಇದ್ದಂಗೆ ಕಣಮ್ಮ. ಒಬ್ರುದು ಇನ್ನೊಬ್ರಿಗೆ ಆಗಕ್ಕಿಲ್ಲ" ಅಂದ.

ಹಾಗಾದರೆ ಆ ಗಂಡನ ಗತಿ ಏನು ಅಂತ ಕೇಳಿದೆ. ಇನ್ನೊಬ್ಬರ ಬಾಯಿಗೆ ತಾನು ಬೀಗ ಹಾಕಲು ಹೋದನಲ್ಲ, ಬಂದು ಅಮ್ಮನಿಗೆ ತಪ್ಪುಕಾಣಿಕೆ ಕಟ್ಟಲಿ, ಬಗ್ಗಿ ಕೈ ಮುಗಿಯಲಿ ಅಂದ. ಅಷ್ಟಕ್ಕೆಲ್ಲ ಅಮ್ಮ ಬಾಯಿ ಸೊಟ್ಟ ಮಾಡಲ್ಲ ಅಂತಲೂ ಅಂದ. ನಮ್ಮ ಅಂಗಡಿಗೆ ಬರುವವನದು ಲಕ್ವ ಅಂತೆ.

ಇದನ್ನು ನಿನಗೆ ಬರೆಯಬಾರದು ಅಂತಲೇ ಇದ್ದೆ. ಬರೆದರೆ ನೀನು ಏನು ಮಾಡುತ್ತೀಯ ಅಂತ ನನಗೆ ಗೊತ್ತು. ಚಿಕ್ಕಂದಿನಿಂದಲೂ ನಿನಗೆ ಮಾತಿಲ್ಲ, ಹಟ ಇದೆ. ದೇವರ ಭಯ ಈಗ ಕಳೆಯಿತು ಅಂದುಕೋ. ಊರಿನ ಭಯ ಹಾಗೇ ಇದೆ. ಊರಿಗೆ ತಪ್ಪುಕಾಣಿಕೆ ಇಲ್ಲ.

ನಾನು ರಾಜೀನಾಮೆ ಕೊಡು ಅಂದದ್ದನ್ನು ವಾಪಸ್ ತೆಗೆದುಕೊಂಡಿಲ್ಲ. ಕೊಡಬೇಡ ಅಂತಲೂ ಅನ್ನುತ್ತಿಲ್ಲ.

ದೀಪಿಕ


ಕಟ್ಟೆಕೊಪ್ಪಲು
26-11-2024

ಅಕ್ಕ,

ಆಗಿದ್ದು ಆಗಿಹೋಯಿತು. ಬೇರೆಯವರ ಬಾಯಿಂದ ಕೇಳುವುದಕ್ಕೆ ಮುಂಚೆ ನಾನೇ ಬರೆಯುತ್ತೇನೆ.

ರಾಜೀನಾಮೆಯನ್ನು ಟೈಪು ಮಾಡಿಸಿ ತಂದಿದ್ದರು. ಮನೆಯಲ್ಲೇ ಸಹಿ ಹಾಕಿಸಿಕೊಂಡರು. ಯಾವಾಗಲೂ ಹಾಕುವ ಹಾಗೆ ಹಾಕಿದೆ. ಅದನ್ನು ಮಂಡ್ಯದಲ್ಲಿ ಎ.ಸಿ. ಸಾಹೇಬರಿಗೆ ನಾನೇ ಕೊಡಬೇಕು, ಸ್ವಂತ ಇಷ್ಟದಿಂದ ಕೊಡುತ್ತಿದ್ದೀಯಾ ಅಂತ ಅವರು ಕೇಳುತ್ತಾರೆ, ಊಂ ಅಂದರೆ ಸಾಕು ಅಂತ ಇವರು ದಾರಿಯುದ್ದಕ್ಕೂ ಹೇಳಿಕೊಟ್ಟರು. ಸಿದ್ದರಾಮುವಿನ ಕಾರು. ಮುಂದೆ ಅವರಿಬ್ಬರು, ಹಿಂದೆ ನಾನು, ಮಂಜುಶ್ರೀ. ಅವಳು ರೇಷ್ಮೆ ಸೀರೆ ಉಟ್ಟಿದ್ದಳು. ತನ್ನ ಮುಡಿಯ ಮಲ್ಲಿಗೆಯಲ್ಲಿ ಒಂದು ಮೊಳ ಕಿತ್ತು ನನ್ನ ಕೈಗೆ ಕೊಟ್ಟು, "ಬರೀ ತಲೇಲಿ ಬಂದಿದೀಯಲ್ಲ, ಮುಡ್ಕೊ" ಅಂದಳು. ಮುಡಿದುಕೊಂಡೆ.

ಸಾಹೇಬರು ಓದಿದರು. ತಲೆ ಎತ್ತದೆ, ಸ್ವಇಚ್ಛೆಯಿಂದ ಕೊಡುತ್ತಿದ್ದೀರಾ ಅಂತ ಕೇಳಿದರು. "ಊಂ ಸಾರ್, ಅವಳ್ದೇ ಇಷ್ಟ" ಅಂದರು ಇವರು. ಸಾಹೇಬರು ಆಗ ತಲೆ ಎತ್ತಿ, "ನಿಮ್ಮನ್ನ ಕೇಳ್ಲಿಲ್ಲ. ಆಚೆ ಇರಿ" ಅಂದರು. ಸಿದ್ದರಾಮು ಏನೋ ಹೇಳಲು ಹೋದ. ಅವನನ್ನೂ ಕಳಿಸಿದರು. ಮಂಜುಶ್ರೀ ತಾನಾಗಿಯೇ ಹೋದಳು.

ಸಾಹೇಬರು ಮತ್ತೆ ಕೇಳಿದರು. ಇಲ್ಲ ಸಾರ್ ಅಂದೆ. ಅವರಿಗೆ ಕೇಳಿಸಲಿಲ್ಲ, ಏನು ಅಂದರು. ಇನ್ನೊಂದು ಸಲ ಹೇಳಿದಾಗ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿಬಿಟ್ಟಿತು. ಪಕ್ಕದ ಮೇಜಿನ ಗುಮಾಸ್ತರು ಬರೆಯುವುದು ನಿಲ್ಲಿಸಿದರು.

"ಇಲ್ಲ ಸಾರ್. ಆಣೆ ಮಾಡಿದ್ದು ನಾನಲ್ಲ. ನನ್ನ ಅವತ್ತು ಆಚೆ ಕೂರ್ಸಿದ್ರು."

ಅವರಿಗೆ ಯಾವ ಆಣೆ ಅಂತ ಅರ್ಥವಾಗಲಿಲ್ಲ. ನಾಲೆಯ ಮೆಟ್ಟಿಲಿನ ವಿಷಯ ಹೇಳಿದೆ, ನೀರು ನಿಲ್ಲಿಸುವ ತನಕ ನಾನು ಇರಬೇಕು ಅಂದೆ. ಸಾಹೇಬರು, ಹಂಗಾದರೆ ಇದನ್ನು ನೀವೇ ಇಟ್ಟುಕೊಳ್ಳಿ ಅಂತ ಕಾಗದವನ್ನು ನನ್ನ ಕಡೆ ತಳ್ಳಿದರು.

ಹೊರಗೆ ಬಂದು ಹೇಳಿದೆ. ಸಿದ್ದರಾಮು ನನ್ನ ಕಡೆ ನೋಡಲೂ ಇಲ್ಲ. ಇವರಿಗೇ ಅಂದ: "ಎಂಡ್ರು ಮಾತು ನಿನ್ ಕೈಲಿಲ್ಲ ಅಂದ್ಮೇಲೆ ದೇವ್ರ ಮುಂದೆ ಕೈ ಯಾಕ್ಲಾ ಚಾಚ್ದೆ?"

ಕಾರು ನಮ್ಮನ್ನು ಬಿಟ್ಟು ಹೋಯಿತು. ಬಸ್ಸಿನಲ್ಲಿ ನಾನು ಹೆಂಗಸರ ಸೀಟಿನಲ್ಲಿ ಕೂತೆ, ಇವರು ಜಾಗವಿದ್ದರೂ ಮದ್ದೂರಿನ ತನಕ ನಿಂತೇ ಬಂದರು. ಅವತ್ತಿನಿಂದ ನನ್ನ ಕೈಯ ಊಟ ಇಲ್ಲ. ಅತ್ತೆ ಬಡಿಸುತ್ತಾರೆ. "ನನ್ ಮಗನ್ ತಲೆ ತಗ್ಗುಸ್ಬುಟ್ಟೆ ಕಣೆ" ಅಂತ ಅತ್ತೆ ಒಂದೇ ಸಲ ಅಂದರು, ಮೆಲ್ಲಗೆ. ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು. ಮೊನ್ನೆ ಇವರು ಹೇಳದೆ ಕೇಳದೆ ಎದ್ದು ಹೋದರು. ಇನ್ನೂ ಬಂದಿಲ್ಲ.

ಇಲ್ಲ ಅಂದ ಮೇಲೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಿಲ್ಲ. ಹಿತ್ತಿಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಿಲಿಗೆ ನಡೆಯುತ್ತೇನೆ. ಬಸ್ಸಿನ ಸದ್ದು ಬಂದರೆ ನಿಲ್ಲುತ್ತೇನೆ.

ಅವರೇನಾದರೂ ಆ ಕಡೆ ಬಂದರೆ ಬರಿ.

ವೀಣ


ಹಲಗೂರು
5-12-2024

ವೀಣ,

ನಿನ್ನ ಗಂಡ ಬಂದಿದ್ದ. ಗಾಬರಿಯಾಗಬೇಡ, ಆರೋಗ್ಯವಾಗಿದ್ದಾನೆ.

ಬೆಳಿಗ್ಗೆ ಮೊದಲನೇ ಬಸ್ಸಿಗೆ ಇಳಿದು ಬೆಂಚಿನ ಮೇಲೆ ಕೂತ. ಗಡ್ಡ ಬಿಟ್ಟಿದ್ದನಲ್ಲ, ಗುರುತೇ ಸಿಗದೆ ಯಾರೋ ಗಿರಾಕಿ ಅಂತ ಟೀ ಕೊಟ್ಟೆ. ಅಕ್ಕಾ ಅಂದಾಗ ಗೊತ್ತಾಯಿತು. ಇಷ್ಟು ದಿನ ಶಿವನಸಮುದ್ರದಲ್ಲಿ ಸ್ನೇಹಿತನ ಮನೆಯಲ್ಲಿದ್ದನಂತೆ. ಗುಡಿಗೆ ಅಂತ ಬಂದು ಬೋರೆಯ ಬುಡದಿಂದಲೇ ಹಿಂದಕ್ಕೆ ಹೋಗಿದ್ದನಂತೆ, ಒಂದು ಸಲ ಅಲ್ಲ.

ಬೈಯಬೇಕು ಅಂತ ನನ್ನ ನಾಲಿಗೆ ತುರಿಸುತ್ತಿತ್ತು. ಅವನೇ ಮೊದಲು ಮಾತಾಡಿದ. "ಅಕ್ಕಾ, ನಾ ಸುಳ್ಳು ಆಣೆ ಮಾಡ್ಲಿಲ್ಲ. ಅವ್ಳೂ ನಾನೂ ಒಂದೇ ಅಂತ ನಿಜ್ವಾಗ್ಲೂ ಅನ್ಕಂಡಿದ್ದೆ."

"ಒಂದೇ ಆಗಿದ್ರೆ, ಅವ್ಳಿಗೆ ಹೊಟ್ಟೆ ನೋವು ಬಂದಾಗ ನೀನೂ ಹುಣಸೆಮರದ ಕೆಳಗೆ ಕೂತ್ಕೋಬೇಕಾಗಿತ್ತು ಕಣಪ್ಪ" ಅಂದೆ.

ನಿನ್ನ ಭಾವ ಒಲೆಯ ಹಿಂದೆ ಮುಖ ತಿರುಗಿಸಿಕೊಂಡು ನಕ್ಕರು. ಅವನು ನಗಲಿಲ್ಲ. ಲೋಟ ಕೆಳಗಿಟ್ಟು ಬೋರೆ ಹತ್ತಿದ. ಇಳಿದು ಬಂದಾಗ ಹಣೆಯಲ್ಲಿ ಕುಂಕುಮ ಇತ್ತು. ಇಡ್ಲಿ ಹಾಕಿಕೊಟ್ಟೆ, ತಿಂದ. ಮದ್ದೂರಿನ ಬಸ್ಸು ಹತ್ತಿದ. ಮನೆಗೆ ಬರುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ, ನಾನೂ ಕೇಳಲಿಲ್ಲ.

ಒಂದು ವಿಷಯ ಬರಿ. ಆ ಕಂಬಿಯನ್ನು ಎಷ್ಟು ಎತ್ತರಕ್ಕೆ ಹಾಕಿಸುತ್ತೀಯ? ಅವ್ವ ಕುಳ್ಳಿ. ನನ್ನ ಕಿವಿಯ ತನಕ ಬರುತ್ತಿದ್ದಳು.

ದೀಪಿಕ


ಕಟ್ಟೆಕೊಪ್ಪಲು
19-1-2025

ಅಕ್ಕ,

ಬಹಳ ದಿನ ಬರೆಯಲಾಗಲಿಲ್ಲ. ಅವರು ನಿನ್ನ ಅಂಗಡಿಯಿಂದ ಹೊರಟ ದಿನ ಸಂಜೆಗೇ ಮನೆಗೆ ಬಂದರು. ಬಂದರು ಅಷ್ಟೇ. ಮಾತಿಲ್ಲ. ಪಂಚಾಯಿತಿ ಕಡೆ ಹೋಗುವುದಿಲ್ಲ. ಗದ್ದೆ, ಮನೆ, ಜಗುಲಿ. ಇದ್ದಕ್ಕಿದ್ದಂತೆ ನಾನು ಒಬ್ಬಳೇ ಹೋಗಿ ಕೂರಬೇಕಾಯಿತು. ನಾನು ಮಾತಾಡಿದರೆ ಪಿಡಿಒ ಸಾಹೇಬರು "ಜೋರಾಗಿ ಹೇಳಿ ಮೇಡಮ್" ಅನ್ನುತ್ತಾರೆ. ಪ್ರತಿ ಸಲವೂ ಅನ್ನುತ್ತಾರೆ.

ಕೊಯ್ಲು ಮುಗಿದು ನೀರು ನಿಲ್ಲಿಸಿದರು. ಬರಿದಾದ ನಾಲೆಯನ್ನು ನೀನು ನೋಡಿದ್ದೀಯ? ತಳದಲ್ಲಿ ಒಂಟಿ ಚಪ್ಪಲಿಗಳು, ಸೋಪಿನ ಡಬ್ಬ, ಒಡೆದ ಬಿಂದಿಗೆ. ಮೇಸ್ತ್ರಿ ಬಂದು ಸುಣ್ಣದ ಗೆರೆ ಎಳೆದ ದಿನ ಸಿದ್ದರಾಮು ದಡದ ಮೇಲೆ ಬೈಕು ನಿಲ್ಲಿಸಿ ನೋಡಿಕೊಂಡು ಹೋದ. ಅವಿಶ್ವಾಸಕ್ಕೆ ಮೆಂಬರುಗಳ ಸಹಿ ಹಾಕಿಸುತ್ತಿದ್ದಾನಂತೆ. ಸಾಕಷ್ಟು ಸಹಿ ಸಿಕ್ಕರೆ ನಾನು ಇಳಿಯಬೇಕಾಗುತ್ತದೆ. ಯಾವ ದಿನ ಅಂತ ಗೊತ್ತಿಲ್ಲ. ಅಷ್ಟರಲ್ಲಿ ಕೆಳಗಿನ ಮೆಟ್ಟಿಲುಗಳಾದರೂ ಏಳಲಿ, ನೀರು ಬಂದ ಮೇಲೆ ಅವನ್ನು ಯಾರೂ ಕೀಳಲಾರರು ಅಂತ ಮೇಸ್ತ್ರಿಯ ಬೆನ್ನು ಹತ್ತಿದ್ದೇನೆ. ಈ ಯಮ್ಮನಿಗೆ ನಿದ್ದೆ ಬರಾಕಿಲ್ವಾ ಅಂತ ಆಳುಗಳು ಆಡಿಕೊಳ್ಳುತ್ತಾರೆ.

ಮೊನ್ನೆ ಮಂಜುಶ್ರೀ ಬಂದಳು. ಜಗಳಕ್ಕೆ ಅಂದುಕೊಂಡೆ. ಸೆರಗು ಸಿಕ್ಕಿಸಿಕೊಂಡು ಇಳಿದು, ಕಟ್ಟಿದ ಮೆಟ್ಟಿಲನ್ನು ಹತ್ತಿ ನೋಡಿ, "ಇಷ್ಟು ಎತ್ತರಕ್ಕೆ ಮಾಡುದ್ರೆ ನಮ್ಮತ್ತೆ ಮಂಡಿ ನೋವಿಟ್ಕಂಡು ಎಂಗಮ್ಮ ಇಳಿಯಾದು?" ಅಂದಳು. ಅವಿಶ್ವಾಸಕ್ಕೆ ಸಹಿ ಹಾಕಿದ್ದೀಯಾ ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮೇಸ್ತ್ರಿ ಗೊಣಗಿದರೂ ಮುಂದಿನವನ್ನು ತಗ್ಗಿಸಿ ಕಟ್ಟಿಸಿದೆ.

ಕಂಬಿಯ ಎತ್ತರ ಕೇಳಿದ್ದೆಯಲ್ಲ. ನಿನ್ನ ಕಿವಿ ನನ್ನ ಹುಬ್ಬಿನ ಸಮಕ್ಕೆ ಬರುತ್ತದೆ. ಅಷ್ಟೇ ಎತ್ತರದ ಒಬ್ಬಳನ್ನು ಕೂಲಿಯವರಲ್ಲಿ ಹುಡುಕಿ ಮೆಟ್ಟಿಲ ಮೇಲೆ ನಿಲ್ಲಿಸಿದೆ. ಬಗ್ಗು ಅಂದೆ, ಒಗೆಯುವ ಹಾಗೆ ಮಾಡು ಅಂದೆ, ಈಗ ಜಾರಿದೆ ಅಂದುಕೊಂಡು ಕೈ ಚಾಚು ಅಂದೆ. ಅವಳ ಕೈ ಹೋದ ಜಾಗಕ್ಕೆ ಮೇಸ್ತ್ರಿ ಇಟ್ಟಿಗೆ ಚೂರಿನಿಂದ ಗುರುತು ಮಾಡಿದ.

ಇಷ್ಟನ್ನು ನಿನ್ನೆ ಬರೆದಿದ್ದೆ. ಉಳಿದದ್ದನ್ನು ನಾಲೆಯ ದಡದ ಮೇಲೆ ಕೂತು ಬರೆಯುತ್ತಿದ್ದೇನೆ. ಹೊಸ ಸಿಮೆಂಟಿನ ಮೇಲೆ ಭತ್ತದ ಹುಲ್ಲು ಹಾಸಿದ್ದಾರೆ. ದಿನಾ ನೆನೆಸಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಇವತ್ತು ಭಾನುವಾರ, ಆಳುಗಳು ಬರುವುದಿಲ್ಲ. ಬೆಳಿಗ್ಗೆ ಬೋರ್‌ವೆಲ್ಲಿನಲ್ಲಿ ಎರಡು ಕೊಡ ನೀರು ತುಂಬಿಕೊಂಡು ಅಂಗಳಕ್ಕೆ ಬಂದೆ. ಅವರು ಜಗುಲಿಯ ಮೇಲೆ ಕೂತಿದ್ದರು. ಒಂದು ಕೊಡವನ್ನು ಅವರ ಕಾಲ ಹತ್ತಿರ ಇಟ್ಟು, ಇನ್ನೊಂದನ್ನು ಸೊಂಟಕ್ಕೆ ಎತ್ತಿಕೊಂಡು ಈ ಕಡೆ ನಡೆದು ಬಂದೆ. ಈ ಕೊಡ ಅರ್ಧ ಹುಲ್ಲಿಗೆ ಮಾತ್ರ ಸಾಕಾಯಿತು, ಉಳಿದರ್ಧಕ್ಕೆ ಆ ಕೊಡ ಬರಲಿ ಅಂತ ದಾರಿ ನೋಡುತ್ತಿದ್ದೇನೆ.

ನಿನ್ನ ತಂಗಿ
ವೀಣ